ಹನ್ನೊಂದು ತಿಂಗಳ ಕಾಯಿ

ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಒಬ್ಬರು ಮಿಕ್ಸಿ ಕೇಳಿಕೊಂಡು ಬಂದರು.

ಹಿಂದಿನ ದಿನ ಸಾವಿನ ಮೂರನೆಯ ದಿನದ ಪ್ರಾರ್ಥನೆ, ಜಿಯಾರತ್, ಮುಗಿದಿತ್ತು. ನೆಂಟರು ಹೊರಟುಹೋಗಿದ್ದರು. ಅಕ್ಕಪಕ್ಕದ ಮನೆಗಳಿಂದ ಮೂರು ದಿನ ಬಂದ ಊಟ ನಿಂತಿತ್ತು. ನಾನು ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟಿದ್ದೆ. ಹೊರಗೆ ಬಿ.ಎಚ್. ರಸ್ತೆಯಲ್ಲಿ ಲಾರಿಗಳು ಎಂದಿನಂತೆ ಹೋಗುತ್ತಿದ್ದವು. ಅಂಥದ್ದೇ ಒಂದು ಲಾರಿ ನನ್ನ ಗಂಡ ಇಮ್ದಾದನ ಸ್ಕೂಟರಿಗೆ ಗುದ್ದಿತ್ತು.

“ಹೋದ ವಾರವೇ ಕೊಡ್ತೀನಿ ಅಂದಿದ್ರು,” ಎಂದು ಬಂದವರು ಗೊಣಗಿದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ನನ್ನ ಮೈದುನ ಅಫ್ಜಲ್ ಹೇಳಿದ. ಅವರು ಮಿಕ್ಸಿ ಎತ್ತಿಕೊಂಡು, ಏನು ಹೇಳಬೇಕೋ ತಿಳಿಯದೆ, ಚಪ್ಪಲಿ ಬಿಟ್ಟೇ ಹೋದರು.

ತಿಪಟೂರಿನ ಆ ಮನೆಯ ಮುಂದಿನ ಕೋಣೆಯೇ ನನ್ನ ಗಂಡನ ರಿಪೇರಿ ಅಂಗಡಿ. ಅಲ್ಲಿದ್ದದ್ದೆಲ್ಲ ಬೇರೆಯವರ ರೇಡಿಯೋ, ಬೇರೆಯವರ ಟೀವಿ.

“ಎಲ್ಲಾ ಇವತ್ತೇ ವಾಪಸ್ ಆಗ್ಬೇಕು,” ಎಂದರು ಅಮ್ಮಿ. ಮಹಮೂದಾ, ನನ್ನ ಅತ್ತೆ. “ನಂಬಿ ಕೊಟ್ಟ ಅಮಾನತ್ ಅದು. ಇನ್ನೊಬ್ರ ಸಾಮಾನು ಇಲ್ಲಿ ಇರೋ ತನಕ ಅವನಿಗೆ ಅಲ್ಲಿ ನೆಮ್ಮದಿ ಇಲ್ಲ.”

ಅಫ್ಜಲ್ ಒಂದೊಂದನ್ನೂ ಆಟೋದಲ್ಲಿ ಹೊತ್ತೊಯ್ದು ಮುಟ್ಟಿಸಿದ. ಹತ್ತು ಗಂಟೆಯ ಹೊತ್ತಿಗೆ ಅಂಗಡಿ ಬರಿದಾಯಿತು. ಉಳಿದದ್ದು ಒಂದೇ. ಇಟ್ಟಿಗೆಯ ಗಾತ್ರದ ಬೂದು ಬಣ್ಣದ ಪೆಟ್ಟಿಗೆ, ಮೇಲೆ ಒಂದು ಮುಳ್ಳು, ಒಂದು ತಿರುಗುವ ಡಯಲ್. ರೇಡಿಯೋ ಅಲೆ ಅಳೆಯುವ ಡಿಪ್ ಮೀಟರ್. ಹಾಲ್ಕುರಿಕೆಯ ಲಕ್ಷ್ಮಯ್ಯನವರದು. ಪೊಲೀಸ್ ವೈರ್‌ಲೆಸ್‌ನಲ್ಲಿದ್ದು ನಿವೃತ್ತರಾದವರು.

ಅದನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗಲೇ ಫೋನ್ ಬಂತು.

“ಫರ್ಹಾ ಅಲ್ವೇನಮ್ಮ? ಲಕ್ಷ್ಮಯ್ಯ ಮಾತಾಡ್ತಿರೋದು. ಈ ಹೊತ್ತಲ್ಲಿ ಹೇಳಬಾರದು, ಹೇಳದೆ ಇರಂಗೂ ಇಲ್ಲ. ಕಾಯಿ ಸುಲಿಯೋ ಕೆಂಚಪ್ಪ ನಾಳೆ ಬತ್ತೀನಿ ಅಂದೋನು ಇವತ್ತೇ ಬಂದ್ಬುಟ್ಟ. ಕಾಯಿ ಅಟ್ಟದಿಂದ ಇಳಿಸ್ತಾ ಅವ್ನೆ. ನಿಮ್ದಕ್ಕೆ ಕೆಂಪು ವೈರ್ ಕಟ್ಟಿತ್ತಲ್ಲ, ಅದು ಎಲ್ಲೂ ಕಾಣ್ತಿಲ್ಲ ಕಣಮ್ಮ.”

ಇಮ್ದಾದ್ ಸತ್ತ ದಿನದಿಂದ ನನ್ನ ಎದೆ ಬಡಿದದ್ದು ನನಗೆ ಕೇಳಿರಲಿಲ್ಲ. ಆಗ ಕೇಳಿತು.

*

ಆ ಕಾಯಿಯ ವಿಷಯ ಹೇಳಬೇಕು.

ನನ್ನ ಮಾವ ಲಿಯಾಕತ್ ಅಲಿ ಟೈಲರ್. ಅಬ್ಬಾರಿಗೆ ಗ್ಲಾಕೋಮಾ. ಕಣ್ಣಿನೊಳಗಿನ ಒತ್ತಡ ಏರಿ ಏರಿ ನೋಟ ಸುತ್ತಲಿಂದ ಮುಚ್ಚುತ್ತಾ ಬಂದಿದೆ. ಈಗ ಕೊಳವೆಯೊಳಗಿಂದ ನೋಡಿದ ಹಾಗೆ. ಮೂರು ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಒತ್ತಡ ಅಳೆಯುತ್ತಾರೆ. ಅಳೆಯುವ ಆ ಒಂದು ಹೊತ್ತಿಗೆ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಉಳಿದ ದಿನಗಳಲ್ಲಿ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲ.

ನಾನು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮಾಡಿದವಳು. ಕಣ್ಣಿನೊಳಗೇ ಒತ್ತಡ ಅಳೆಯುವ ಒಂದು ಸಂವೇದಕವಿಟ್ಟು ಹೊರಗಿನಿಂದ ತಂತಿಯಿಲ್ಲದೆ ಓದಬಹುದು ಎಂದು ಲೈಬ್ರರಿಯಲ್ಲಿ ಓದಿದ್ದೆ. ಮದುವೆಯಾದ ಹೊಸತರಲ್ಲಿ ಅದನ್ನು ಇಮ್ದಾದನಿಗೆ ಹೇಳಿದೆ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಅನ್ನದ ತಟ್ಟೆ ಸರಿಸಿ ಕೂತ.

“ಬ್ಯಾಟರಿ ಬೇಡ್ವಾ?”

“ಬೇಡ. ಒಂದು ಸುರುಳಿ, ಒತ್ತಿದರೆ ಹತ್ತಿರ ಬರುವ ಎರಡು ತಗಡು. ಹೊರಗಿನಿಂದ ಅಲೆ ಕಳಿಸಿದರೆ ತನ್ನ ಪಾಲಿನದನ್ನು ಅದು ಕುಡಿಯುತ್ತೆ. ಎಷ್ಟು ಮೆಗಾಹರ್ಟ್ಸ್‌ನಲ್ಲಿ ಕುಡಿಯಿತು ಅನ್ನೋದರಿಂದ ಒತ್ತಡ ಗೊತ್ತಾಗುತ್ತೆ.”

“ಅಂದ್ರೆ ರೇಡಿಯೋ ಟ್ಯೂನ್ ಮಾಡ್ದಂಗೆ! ಇಷ್ಟೇನಾ?”

ವಿದೇಶದಲ್ಲಿ ಕುರುಡರೊಬ್ಬರ ಕಣ್ಣಿನ ಪರದೆಯ ಮೇಲೆ ಚಿಪ್ ಇಟ್ಟು, ಕನ್ನಡಕದಿಂದ ಅಲೆ ಕಳಿಸಿ, ಬೆಳಕಿನ ಚುಕ್ಕಿ ಕಾಣಿಸಿದ್ದಾರೆ ಎಂದಾಗ ಅವನು ಎದ್ದೇ ನಿಂತ. “ಮೊದ್ಲು ಒಳಗಿಂದು ಕೇಳೋಣ. ಆಮೇಲೆ ಒಳಕ್ಕೆ ಬೆಳಕು ಕಳ್ಸೋಣ. ದಾರಿ ಒಂದೇ ಅಲ್ವೇನೇ?”

ಏಳು ತಿಂಗಳಲ್ಲಿ ಅವನು ಅದನ್ನು ಮಾಡಿದ. ಸ್ಲೇಟಿನ ಬಳಪದ ತುಂಡಿನಷ್ಟಿತ್ತು, ಹಾಗಾಗಿ ನಾವು ಅದನ್ನು ಬಳಪ ಎಂದೇ ಕರೆದೆವು. ಕಣ್ಣಿಗೆ ಹಿಡಿಸುವ ಗಾತ್ರವಲ್ಲ. ಆದರೆ ಗಾತ್ರಕ್ಕಿಂತ ದೊಡ್ಡ ತೊಡಕು ಉಪ್ಪುನೀರು. ದೇಹದೊಳಗಿನ ಉಪ್ಪುನೀರು ನಿಧಾನವಾಗಿ ಎಲ್ಲದರೊಳಕ್ಕೂ ಇಳಿಯುತ್ತದೆ. ಬಳಪ ಎಷ್ಟು ದಿನ ಉಳಿಯುತ್ತದೆಂದು ಎಲ್ಲಿ ಇಟ್ಟು ನೋಡುವುದು?

“ಮೇಕೆ ಕಣ್ಣು ಎರಡೇ ದಿನಕ್ಕೆ ನಾರ್ತದೆ,” ಎಂದ ಇಮ್ದಾದ್. “ತೆಂಗಿನಕಾಯಿ ಅಟ್ಟದ ಮೇಲೆ ವರ್ಷ ಇರ್ತದೆ. ಒಳಗೆ ಉಪ್ಪುನೀರು, ಸುತ್ತ ಗೋಡೆ, ಎಲ್ಲೂ ತೂತಿಲ್ಲ. ಇದಕ್ಕಿಂತ ದೊಡ್ಡ ಕಣ್ಣು ಎಲ್ಲಿ ಸಿಕ್ತದೆ?”

ಕೊಬ್ಬರಿಗಾಗಿ ಕಾಯಿಯನ್ನು ಸಿಪ್ಪೆಸಮೇತ ಅಟ್ಟದ ಮೇಲೆ ಸುಮಾರು ಒಂದು ವರ್ಷ ಇಡುವುದು ನಮ್ಮ ಕಡೆಯ ಪದ್ಧತಿ. ನೀರು ಇಂಗಿ, ಒಳಗಿನ ತಿರುಳು ಒಣಗಿ ಉಂಡೆಯಾಗಿ ಬಿಟ್ಟುಕೊಳ್ಳುತ್ತದೆ. ಲಕ್ಷ್ಮಯ್ಯನವರು ಮೀಟರಿನ ಜೊತೆಗೆ ಆರು ಕಾಯಿಗಳನ್ನೂ ಕೊಟ್ಟರು. ಇಮ್ದಾದ್ ತೊಟ್ಟು ತೆಗೆದು, ಕಾಯಿಯ ಮೆತ್ತನೆಯ ಕಣ್ಣಿನಲ್ಲಿ ತೂತು ಕೊರೆದು, ಒಂದೊಂದಕ್ಕೂ ಒಂದು ಬಳಪ ಇಳಿಸಿ, ಜೇನುಮೇಣ ತುಂಬಿ, ತೊಟ್ಟನ್ನು ಮತ್ತೆ ಅಂಟಿಸಿದ. ಐದು ಕೊಳೆತು ಒಳಗಿನ ಬಳಪಗಳೂ ಕೆಟ್ಟವು. ಒಂದು ಉಳಿಯಿತು. ಪ್ರತಿ ತಿಂಗಳ ಮೊದಲ ಭಾನುವಾರ ಹಾಲ್ಕುರಿಕೆಗೆ ಹೋಗಿ ಅದನ್ನು ಓದಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ. ಹತ್ತು ಭಾನುವಾರ ಆಗಿತ್ತು. ಹನ್ನೊಂದನೆಯದಕ್ಕೆ ಅವನಿರಲಿಲ್ಲ.

ಎಂ.ಎಸ್ಸಿ.ಯಲ್ಲಿ ನನಗೆ ಪಾಠ ಮಾಡಿದ ಪವಿತ್ರಾ ಮೇಡಂ ಮೈಸೂರಿನಿಂದ ಬರೆದ ಪತ್ರ ಅದೇ ನೋಟ್‌ಬುಕ್ಕಿನಲ್ಲಿತ್ತು. ಅಕ್ಕಿಕಾಳಿನಷ್ಟು ಸಣ್ಣ ಸಂವೇದಕ ಮಾಡುವ ಅವರ ಯೋಜನೆಯಲ್ಲಿ ಒಂದು ಜಾಗವಿತ್ತು. “ನಮ್ಮಲ್ಲಿ ಆರು ವಾರ ದಾಟಿ ಯಾವುದೂ ಉಳಿದಿಲ್ಲ. ನಿಮ್ಮದು ನಿಜವಾಗಿಯೂ ಹನ್ನೊಂದು ತಿಂಗಳು ಉಳಿದಿದ್ದರೆ, ಕೊನೆಯ ಅಳತೆಯ ಜೊತೆ ಅದನ್ನೇ ಕಳಿಸು. ಜಾಗ ನಿನ್ನದು.”

ಕೆಂಚಪ್ಪ ಅದನ್ನು ಮಚ್ಚಿನಲ್ಲಿ ಒಡೆದರೆ ಬಳಪ ಎರಡು ತುಂಡು. ಇನ್ನೊಂದು ಇಲ್ಲ. ಮಾಡುವ ಕೈಯೂ ಇಲ್ಲ.

*

“ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಂಗಿಲ್ಲ,” ಎಂದರು ಅಮ್ಮಿ. “ಗಂಡ ಸತ್ತವಳ ಇದ್ದತ್ ಕಣೇ. ಮೀಟರ್ ಅಫ್ಜಲ್ ಕೊಟ್ಟು ಬತ್ತಾನೆ.”

“ಅಫ್ಜಲ್‌ಗೆ ಅದನ್ನು ಓದೋಕೆ ಬರಲ್ಲ, ಅಮ್ಮಿ.”

“ಲಾರಿ ಇಂಜಿನ್ ಆದ್ರೆ ಓದ್ತೀನಿ,” ಎಂದ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ಅಫ್ಜಲ್. ಯಾರೂ ನಗಲಿಲ್ಲ.

ಅಬ್ಬಾ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ಮುಖವನ್ನು ನಿಧಾನವಾಗಿ ತಿರುಗಿಸಿ ನನ್ನನ್ನು ಹುಡುಕಿದರು. “ಅವನ ಅಮಾನತ್ ಹಿಂದಿರುಗಿಸೋದೂ ಫರ್ಜೇ, ಮಾಡಲೇಬೇಕಾದ್ದು, ಮಹಮೂದಾ. ಜರೂರತ್ ಇದ್ರೆ ಹಗಲಲ್ಲಿ ಹೋಗಬಹುದು. ರಾತ್ರಿ ಮನೇಲಿರಬೇಕು, ಅಷ್ಟೇ. ಹೊತ್ತು ಮುಳುಗಿ ಮಗ್ರಿಬ್ ಆಗೋದ್ರೊಳಗೆ ಬಂದ್ಬುಡು ಬೇಟಿ.”

“ನಿಮ್ಮ ಕಣ್ಣಿಗಾಗಿ ಸೊಸೇನ ಬೀದಿಗೆ ಕಳಿಸ್ತೀರಾ?”

“ನನ್ನ ಕಣ್ಣಿಗೆ ಅದು ಬರೋ ಹೊತ್ತಿಗೆ ನಾನೇ ಇರ್ತೀನೋ ಇಲ್ವೋ. ಮಗ ಮಾಡಿದ್ದು ಕೆಲಸ ಮಾಡ್ತದೋ ಇಲ್ವೋ, ಅದು ಗೊತ್ತಾಗ್ಲಿ.”

ಅಮ್ಮಿ ಗೂಟದಿಂದ ತಮ್ಮ ಬುರ್ಖಾ ತೆಗೆದರು. “ಒಬ್ಳನ್ನೇ ಕಳಿಸಲ್ಲ. ನಾನೂ ಬತ್ತೀನಿ.”

*

ಹಾಲ್ಕುರಿಕೆ ತಲುಪಿದಾಗ ಹನ್ನೆರಡೂವರೆ. ಅಂಗಳದ ತುಂಬ ಕಾಯಿ. ಅಟ್ಟ ಅರ್ಧ ಖಾಲಿ. ಕೆಂಚಪ್ಪ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದ, ಅವನ ಪಕ್ಕದವನು ಮಚ್ಚಿನಲ್ಲಿ ಚಿಪ್ಪು ಒಡೆಯುತ್ತಿದ್ದ. ಠಪ್. ಠಪ್.

“ನಿಲ್ಸಯ್ಯಾ ಕೆಂಚಪ್ಪ!” ಎಂದು ಲಕ್ಷ್ಮಯ್ಯ ಕೂಗಿದರು.

“ನಿಲ್ಸಿದ್ರೆ ನಾಳೆ ಹಂದನಕೆರೆಯೋರು ನನ್ನೇ ಸುಲೀತಾರೆ. ಇವತ್ತು ಮುಗೀಬೇಕು ಕಣ್ರೀ.”

“ವೈರ್ ಕಟ್ಟಿದ್ದು ಸಿಕ್ತಾ?” ಎಂದೆ.

ಲಕ್ಷ್ಮಯ್ಯನವರು ತಮ್ಮ ಅಕ್ಕನ ಕಡೆ ನೋಡಿದರು. ರಾಮಕ್ಕ, ಆ ಮನೆಯ ಅಟ್ಟದ ಯಜಮಾನಿ. ಅವರು ಸೆರಗಿನ ತುದಿ ಹಿಂಡುತ್ತಾ ನಿಂತಿದ್ದರು.

“ನಾನೇ ಕಿತ್ತಾಕ್ದೆ ಕಣವ್ವ,” ಎಂದರು. “ಯುಗಾದಿ ಮುಂಚೆ ಅಟ್ಟ ಗುಡ್ಸಕ್ಕೆ ಹತ್ತಿದ್ದೆ. ಕಾಯಿಗೆ ಕೆಂಪು ದಾರ ಸುತ್ತೈತೆ, ತೊಟ್ಟಲ್ಲಿ ಮೇಣ! ಎದೆ ಧಸಕ್ ಅಂತು. ಯಾರೋ ಮಾಟ ಮಾಡ್ಸವ್ರೆ ಅಂತ ದಾರ ಕಿತ್ತು ಸುಟ್ಟೆ. ಕಾಯಿಗೆ ವಿಭೂತಿ ಬಳ್ದು ರಾಶಿಯೊಳಕ್ಕೆ ನೂಕ್ದೆ. ಈಗ ಧೂಳಲ್ಲಿ ಯಾವ್ದೂ ಗುರ್ತು ಸಿಕ್ಕಾಕಿಲ್ಲ.”

“ಮಾಟವಂತೆ! ನನ್ನ ಕೇಳಬಾರದಿತ್ತಾ?” ಎಂದರು ಲಕ್ಷ್ಮಯ್ಯ.

“ಮಾಟದ ಇಚಾರ ಯಾರಾದ್ರೂ ಬಾಯಿ ಬುಟ್ಟು ಹೇಳ್ತಾರೇನ್ಲಾ? ಬಾಯಿ ಬುಟ್ರೆ ತಗಲ್ಕಂತದೆ.”

ಇಮ್ದಾದ್ ಅದಾದ ಮೇಲೂ ಒಮ್ಮೆ ಬಂದಿದ್ದನಲ್ಲ, ಹತ್ತನೆಯ ಭಾನುವಾರ? ನೋಟ್‌ಬುಕ್ ತೆಗೆದೆ. ಹತ್ತನೆಯದರ ಮುಂದೆ ಅವನ ಸಣ್ಣ ಅಕ್ಷರ: ‘ವೈರ್ ಇಲ್ಲ. ಮೂಲೆ ಕಾಯಿಗಳಲ್ಲಿ ಹುಡುಕಿ ಹಿಡಿದೆ. ಮತ್ತೆ ಕಟ್ಟಲು ಮರೆತೆ. ಮುಂದಿನ ಸಲ.’ ಅದರ ಕೆಳಗೆ: ‘ಪಕ್ಕದವೆಲ್ಲ ಗುಡುಗುಡು. ನಮ್ಮದರಲ್ಲಿ ಇನ್ನೂ ನೀರು. ಕಣ್ಣು ಮುಚ್ಚಿದ್ದಕ್ಕಾ?’

ನಾನು ಅದನ್ನು ಎರಡು ಸಲ ಓದಿದೆ.

ಒಣಗುವಾಗ ಕಾಯಿಯ ನೀರು ಆ ಮೆತ್ತನೆಯ ಕಣ್ಣಿನಿಂದಲೂ ಹೊರಹೋಗುತ್ತದೆ. ನಮ್ಮದಕ್ಕೆ ಅಲ್ಲಿ ಮೇಣ. ಎಲ್ಲವೂ ಒಣಗಿದ ಮೇಲೂ ಅದು ಒಣಗಿರುವುದಿಲ್ಲ.

“ರಾಮಕ್ಕ, ಯಾವುದರಲ್ಲಿ ನೀರಿದೆ ಅಂತ ಹೊರಗಿನಿಂದ ಹೇಳೋಕಾಗುತ್ತಾ?”

ಕೆಂಚಪ್ಪ ನಕ್ಕ. “ಯಾರ್ನ ಕೇಳ್ತಿದ್ದೀರ ಕಣಮ್ಮ! ಆ ಅಜ್ಜಿ ಕಾಯಿ ಅಲ್ಲಾಡ್ಸಿ ಅದರ ಜಾತಕ ಹೇಳ್ತದೆ.”

ರಾಮಕ್ಕ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಕುಲುಕಿದರು. ಗುಡುಗುಡು. “ಇದು ಆಗೈತೆ.” ಕೆಂಚಪ್ಪನ ಕಡೆಗೆ ಉರುಳಿಸಿದರು. ಇನ್ನೊಂದು. ಗುಡುಗುಡು. ಮತ್ತೊಂದು. ಕುಳುಕ್. “ಇದು ಇನ್ನೂ ಹಸಿ.” ನನ್ನ ಕಡೆಗೆ ಬಂತು.

ಕೆಲಸ ಹಾಗೆ ಸಾಗಿತು. ಕುಲುಕಿ ನೋಡದ ಒಂದು ಕಾಯಿಯೂ ಮಚ್ಚಿಗೆ ಹೋಗಬಾರದು. ಅಟ್ಟದಿಂದ ಅಫ್ಜಲ್ ಇಳಿಸಿದ. ಲಕ್ಷ್ಮಯ್ಯ ಹೊತ್ತರು. ಆಗಲೇ ಒಡೆದ ಚಿಪ್ಪುಗಳನ್ನು ನಾನು ಒಂದೊಂದಾಗಿ ತಿರುವಿ ನೋಡಿದೆ. ಬಳಪದ ಚೂರು ಇರಲಿಲ್ಲ.

ಸಾವಿರದಷ್ಟು ಕಾಯಿ ಕಣ್ಣೆದುರು ಬಿದ್ದಿತ್ತು. ಕೂತು ನೋಡುತ್ತಿದ್ದ ಅಮ್ಮಿ ಇದ್ದಕ್ಕಿದ್ದ ಹಾಗೆ ಎದ್ದು ಬಂದು ರಾಮಕ್ಕನ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಒಂದು ಕಾಯಿ ಕುಲುಕಿದರು.

“ಇದು ಆಗಿದೆ.”

“ಇಲ್ಲ ತಾಯಿ. ತಳದಾಗೆ ಒಂಚೂರು ನೀರು ಅದೆ. ಕಿವಿ ಹತ್ರ ಹಿಡ್ಕೊ.”

ಅಮ್ಮಿ ಮತ್ತೆ ಕುಲುಕಿದರು. “ಹೂಂ, ಅದೆ. ಸಣ್ಣಕೆ.”

“ನೋಡ್ದಾ! ಮೊದಲ್ನೇ ದಿನಕ್ಕೇ ಕಲ್ತ್‌ಬುಟ್ಟೆ. ನಮ್ಮ ಲಕ್ಷ್ಮಯ್ಯಂಗೆ ಅರವತ್ತು ವರ್ಷಕ್ಕೂ ಬರ್ಲಿಲ್ಲ.”

“ನನಗೆ ವೈರ್‌ಲೆಸ್ ಬತ್ತದಲ್ಲಕ್ಕ.”

“ಅದ್ಕೇ ಅಟ್ಟಕ್ಕೆ ಮಾಟ ಬಂದದ್ದು!”

ಅಮ್ಮಿ ನಕ್ಕರು. ನಕ್ಕದ್ದಕ್ಕೆ ಬೆಚ್ಚಿ ಬಾಯಿಗೆ ಬುರ್ಖಾದ ಅಂಚು ಅಡ್ಡ ಹಿಡಿದರು. ಆಮೇಲೆ ಮುಂದಿನ ಕಾಯಿ ಎತ್ತಿಕೊಂಡರು.

*

ನಾಲ್ಕೂವರೆಗೆ ಅಟ್ಟ ಖಾಲಿ. ಹಸಿ ಎಂದು ಬೇರೆಯಾದವು ಅರವತ್ತೆಂಟು.

ಜಗಲಿಯ ಮೇಲೆ ಮೀಟರ್ ಇಟ್ಟು ಇಮ್ದಾದ್ ಸುತ್ತಿದ್ದ ದೊಡ್ಡ ಸುರುಳಿ ಸಿಕ್ಕಿಸಿದೆ. ಕಾಯಿಯನ್ನು ಅದಕ್ಕೆ ತಾಗಿಸಿ ಹಿಡಿಯಬೇಕು. ಡಯಲ್ ನಿಧಾನವಾಗಿ ತಿರುಗಿಸಬೇಕು. ಒಳಗೆ ಬಳಪವಿದ್ದರೆ ಒಂದು ಜಾಗದಲ್ಲಿ ಮುಳ್ಳು ಸ್ವಲ್ಪ ಬಾಗುತ್ತದೆ. ಹತ್ತನೆಯ ಭಾನುವಾರದ ಅಳತೆ ಹನ್ನೆರಡೂವರೆ ಮೆಗಾಹರ್ಟ್ಸ್. ಅಲ್ಲಿಯೇ ಆಚೆ ಈಚೆ ತಿರುಗಿಸುತ್ತಾ ಹೋದೆ.

ಒಂದು. ಇಲ್ಲ. ಎರಡು. ಇಲ್ಲ.

ಕೆಂಚಪ್ಪ ಕೈಯಲ್ಲಿ ಮಚ್ಚು ಹಿಡಿದೇ ನೋಡಲು ಬಂದು ಮೀಟರಿನ ಪಕ್ಕ ಕೂತ. ಹತ್ತೊಂಬತ್ತನೆಯದಕ್ಕೆ ಮುಳ್ಳು ಬಾಗಿತು.

“ಬಂತು!” ಎಂದು ಕಿರುಚಿದೆ. ಲಕ್ಷ್ಮಯ್ಯ ಮೀಟರಿನ ಮೇಲೆ ಬಗ್ಗಿ ನೋಡಿ ಕೆಂಚಪ್ಪನ ಕಡೆ ತಿರುಗಿದರು. “ಮಚ್ಚು ಆಚೆ ಇಡಯ್ಯಾ.” ಅವನು ದೂರ ಹೋದ. ಮುಳ್ಳು ಮೇಲೆದ್ದಿತು. ಕಬ್ಬಿಣಕ್ಕೆ ಬಾಗಿತ್ತು.

“ಅಯ್ಯೋ, ನಿಮ್ಮ ಮಿಸಿನ್ನು ನನ್ನ ಮಚ್ಚಿಗೇ ಹೆದ್ರತದಲ್ಲ!”

ಅರವತ್ತೆಂಟೂ ಮುಗಿದವು. ಒಂದೂ ಮಾತಾಡಲಿಲ್ಲ.

ಐದೂ ಕಾಲು. ಅಫ್ಜಲ್ ಸೂರ್ಯನನ್ನು ನೋಡಿದ, ನನ್ನನ್ನು ನೋಡಿದ. “ಭಾಭಿ, ಆರಕ್ಕೆ ಹೊರಡ್ಲೇಬೇಕು.”

ಕೆಟ್ಟಿರಬಹುದು. ಉಪ್ಪುನೀರು ಕೊನೆಗೂ ಒಳಗಿಳಿದಿರಬಹುದು. ನೋಟ್‌ಬುಕ್ಕಿನ ಹತ್ತು ಅಳತೆಗಳನ್ನು ನೋಡುತ್ತಾ ಕೂತೆ. ಹದಿನಾಲ್ಕರಿಂದ ಶುರುವಾಗಿದ್ದವು. ಮೊದಲು ಸ್ವಲ್ಪ ಸ್ವಲ್ಪ ಇಳಿದಿದ್ದವು. ಎಂಟನೆಯದರಿಂದ ಇಳಿಯುವುದು ಜೋರಾಗಿತ್ತು.

ನಾನು ಹುಡುಕುತ್ತಿದ್ದದ್ದು ಅವನು ಕೊನೆಯ ಸಲ ಬಿಟ್ಟ ಜಾಗದಲ್ಲಿ. ಆಮೇಲೆ ಒಂದು ತಿಂಗಳು ಕಳೆದಿತ್ತು. ಕಾಯಿಯ ಅಳತೆ ಅಲ್ಲಿಯೇ ನಿಂತಿರಲಿಲ್ಲ.

“ಮತ್ತೆ ಮೊದಲಿಂದ ಕೊಡಿ,” ಎಂದೆ. ಡಯಲ್ಲನ್ನು ಹನ್ನೆರಡಕ್ಕೂ ಕೆಳಗೆ ತಂದೆ. “ಬೇಗ.”

ರಾಮಕ್ಕ ಎತ್ತಿಕೊಟ್ಟರು, ಅಮ್ಮಿ ತಾಗಿಸಿ ಹಿಡಿದರು, ನಾನು ತಿರುಗಿಸಿದೆ. ಇಲ್ಲ. ಮುಂದಿನದು. ಇಲ್ಲ. ಮುಂದಿನದು. ಕೆಂಚಪ್ಪ ಮಚ್ಚನ್ನು ಬೇಲಿಯಾಚೆ ಇಟ್ಟು ಬಂದು ಕೈಕಟ್ಟಿ ನಿಂತಿದ್ದ.

ಮೂವತ್ತೊಂದನೆಯ ಕಾಯಿ. ಹನ್ನೊಂದು ಪಾಯಿಂಟ್ ಆರರಲ್ಲಿ ಮುಳ್ಳು ನಡುಗಿ ಕೆಳಗಿಳಿಯಿತು.

ಅಮ್ಮಿಯ ಮಣಿಕಟ್ಟು ಹಿಡಿದು ಕಾಯಿಯನ್ನು ದೂರ ಸರಿಸಿದೆ. ಮುಳ್ಳು ಎದ್ದಿತು. ಹತ್ತಿರ ತಂದೆ. ಇಳಿಯಿತು. ದೂರ. ಎದ್ದಿತು. ಹತ್ತಿರ. ಇಳಿಯಿತು.

“ಮಚ್ಚು ಇಲ್ಲಿಲ್ಲ ಕಣಮ್ಮ,” ಎಂದ ಕೆಂಚಪ್ಪ, ಪಿಸುಗುಟ್ಟಿದ ಹಾಗೆ.

“ಇಲ್ಲೇ ವಿಭೂತಿ ಅದೆ ನೋಡ್ರೋ!” ರಾಮಕ್ಕ ಸಿಪ್ಪೆಯ ಸಂದಿನಲ್ಲಿ ಉಳಿದ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ತೋರಿಸಿದರು. “ನಾನೇ ಬಳ್ದಿದ್ದು!”

ಅಮ್ಮಿ ಕಾಯಿಯನ್ನು ಬಿಡಲೇ ಇಲ್ಲ. “ಒಳಗಿಂದ ಹೇಳ್ತಾ ಇದೆಯಾ? ನನ್ನ ಕೈಯಲ್ಲಿರೋದು?”

“ಹೂಂ ಅಮ್ಮಿ.”

“ಅವನು ಮಾಡಿದ್ದೇ?”

“ಅವನು ಮಾಡಿದ್ದೇ.”

ಇನ್ನೊಂದು ಪರೀಕ್ಷೆ ಉಳಿದಿತ್ತು. ಬಳಪ ಇರುವುದು ಗೊತ್ತಾಯಿತು. ಅದು ಒತ್ತಡವನ್ನು ಇನ್ನೂ ಅರಿಯುತ್ತದೆಯೇ? ಸಿಪ್ಪೆ ಸುಲಿದು ತಣ್ಣಗೆ ಮಾಡಿ ನೋಡಬೇಕು. ಕೆಂಚಪ್ಪ ತಾನಾಗಿ ಮುಂದೆ ಬಂದ. ಬೇರೆ ಕಾಯಿಗೆ ಮೂರು ತಿರುವು ಸಾಕು ಅವನಿಗೆ. ಇದಕ್ಕೆ ಹತ್ತು ನಿಮಿಷ ತೆಗೆದುಕೊಂಡ, ನಾರು ನಾರಾಗಿ ಬಿಡಿಸಿದ.

“ಕಣ್ಣಿನ ಡಾಕ್ಟರೇ ಆಗೋದೆ ಕಣಪ್ಪ,” ಎಂದು ಬೆವರು ಒರೆಸಿಕೊಂಡ.

ಸುಲಿದ ಕಾಯಿಯನ್ನು ಬಾವಿಯ ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆವು. ಒಳಗಿನ ಗಾಳಿ ತಣ್ಣಗಾದರೆ ಒತ್ತಡ ಇಳಿಯಬೇಕು, ತಗಡುಗಳು ದೂರವಾಗಬೇಕು, ಅಳತೆ ಮೇಲೇರಬೇಕು. ಎಂಟು ನಿಮಿಷ. ತೆಗೆದು, ಒರೆಸಿ, ತಾಗಿಸಿದೆ. ಹನ್ನೊಂದು ಪಾಯಿಂಟ್ ಆರರಲ್ಲಿ ಮುಳ್ಳು ಕದಲಲಿಲ್ಲ. ಸ್ವಲ್ಪ ಮೇಲೆ ತಿರುಗಿಸಿದೆ. ಹನ್ನೊಂದು ಪಾಯಿಂಟ್ ಎಂಟು. ಇಳಿಯಿತು!

ಲಕ್ಷ್ಮಯ್ಯ ಚಪ್ಪಾಳೆ ತಟ್ಟಿದರು. ಅಫ್ಜಲ್ ಏನೆಂದು ತಿಳಿಯದೆಯೇ ಶಿಳ್ಳೆ ಹಾಕಿದ. ನೋಟ್‌ಬುಕ್ಕಿನಲ್ಲಿ ಹತ್ತರ ಕೆಳಗೆ ಹನ್ನೊಂದು ಎಂದು ಬರೆದೆ. ಅವನ ಅಕ್ಷರದ ಕೆಳಗೆ ನನ್ನ ಅಕ್ಷರ. ಎರಡೂ ಅಳತೆಗಳನ್ನು ಬರೆದೆ. ಮುಂದೆ: ‘ಕೆಲಸ ಮಾಡುತ್ತಿದೆ.’

*

ಆರಕ್ಕೆ ಹತ್ತು ನಿಮಿಷವಿತ್ತು. ರಾಮಕ್ಕ ಕಾಯಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಮ್ಮಿಯ ಕೈಗಿಟ್ಟರು. ಅಮ್ಮಿ ಅದನ್ನು ಎರಡೂ ಕೈಯಲ್ಲಿ ತಬ್ಬಿ ಆಟೋ ಹತ್ತಿ ಕೂತರು.

ನಾನು ಮೀಟರಿನ ಮುಂದೆ ಕೂತೆ.

“ಇಟ್ಕೊಳಮ್ಮ,” ಎಂದರು ಲಕ್ಷ್ಮಯ್ಯ. “ಮುದುಕನಿಗೆ ಅದ್ಯಾಕೆ? ನಿನಗೆ ಮೈಸೂರಲ್ಲಿ ಬೇಕಾಗ್ತದೆ.”

ಆಟೋದಿಂದ ಅಮ್ಮಿ ಹೇಳಿದರು. “ಬೇಡ ಅಣ್ಣ. ಅದು ಅವನ ಹೆಸರಲ್ಲಿ ಬಂದದ್ದು, ಅವನ ಹೆಸರಲ್ಲಿ ವಾಪಸ್ ಆಗ್ಲಿ. ಬೇಕಂದ್ರೆ ಇವಳೇ ಇನ್ನೊಂದ್ ದಿನ ಬಂದು ಇವಳ ಹೆಸರಲ್ಲಿ ಕೇಳ್ತಾಳೆ.”

ಮೀಟರ್ ಕೊಡುವಾಗ ಲಕ್ಷ್ಮಯ್ಯ ಇಮ್ದಾದನಿಗೆ ಹೇಳಿದ್ದು ನನಗೆ ನೆನಪಿತ್ತು: ಕೊಟ್ಟ ಹಾಗೇ ವಾಪಸ್ ಕೊಡಪ್ಪ. ಇಮ್ದಾದ್ ಸುತ್ತಿದ್ದ ದೊಡ್ಡ ಸುರುಳಿಯನ್ನು ಬಿಡಿಸಿ ನನ್ನ ಚೀಲಕ್ಕೆ ಹಾಕಿಕೊಂಡೆ. ಮೀಟರಿನ ಜೊತೆ ಬಂದಿದ್ದ ಹಳೆಯ ಸಣ್ಣ ಸುರುಳಿಯನ್ನು ಅದರ ಜಾಗಕ್ಕೆ ಸಿಕ್ಕಿಸಿದೆ. ಡಯಲ್ಲನ್ನು ಸೊನ್ನೆಗೆ ತಂದೆ. ಅದಕ್ಕೆಂದೇ ಅಬ್ಬಾ ಹೊಲಿದುಕೊಟ್ಟಿದ್ದ ಒರೆಸುಬಟ್ಟೆಯಿಂದ ಧೂಳು ಒರೆಸಿದೆ.

ಎದ್ದು ಎರಡೂ ಕೈಯಲ್ಲಿ ಅದನ್ನು ಲಕ್ಷ್ಮಯ್ಯನವರಿಗೆ ಕೊಟ್ಟೆ.